ಕೂಣಿ ಕಿತ್ತ ಮಳೆಗಾಲ

ಶಿಕಾರಿಪುರದಲ್ಲಿ ಅಣ್ಣನ ಮನೆಯಂಗಳದಲ್ಲಿ ಮೊನ್ನೆ ಮದುವೆಯ ಚಪ್ಪರಕ್ಕೆಂದು ಹಸಿ ಬಿದಿರು ಸೀಳುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಸೊರಬದ ಆ ಮಳೆಗಾಲವಿಡೀ ಕಣ್ಣಮುಂದೆ ಬಂದು ನಿಂತಿತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಹಾಗೇನೂ ಆಗಲಿಲ್ಲ. ವಾಸನೆ ತಂದದ್ದು ಒಂದು ಹೆಬ್ಬೆರಳನ್ನು ಮಾತ್ರ: ಬಿದಿರಿನ ಸಿಬಿರು ಹೊಕ್ಕು ಊದಿಕೊಂಡಿದ್ದ ಕೆರಿಯಪ್ಪನ ಬಲಗೈ ಹೆಬ್ಬೆರಳು. ಎಡಗೈಯದೂ ಇರಬಹುದು. ಉಳಿದದ್ದನ್ನು ನೆನಪಿಸಿದವನು ಅಣ್ಣ.

ಅವನು ಜಗಲಿಯ ಮೇಲೆ ಕೂತು ಹೊಸ ಬೀಗರಿಗೆ ನನ್ನ ಪರಿಚಯ ಮಾಡಿಕೊಡುತ್ತಿದ್ದ. "ಇವ್ಳು ನನ್ನ ತಂಗಿ ರೀ. ದನದ ಡಾಕ್ಟ್ರು. ಮೊದ್ಲು ಹೊಳ್ಯಾಗೆ ದೋಣಿ ಬಿಡೋ ಹುಚ್ಚಿತ್ತು. ಚಂದ್ರಗುತ್ತಿ ಕಡೆ ಒಂದು ಹಳ್ಳದಾಗೆ ಸಾಯೋ ಹಂಗಾಗಿದ್ಲು. ಅಲ್ಲಿ ಗುಡ್ಡದ ತಾಯಿಗೆ ತಲೆಬಾಗಿದ್ಲು ನೋಡ್ರಿ, ಬದುಕಿದ್ಲು. ಅವತ್ತಿಂದ ತಣ್ಣಗಾಗ್ಯಾಳೆ."

ಬೀಗರ ಪೈಕಿ ಹಿರಿಯರೊಬ್ಬರು ನನಗೆ ಕೈಮುಗಿದೇಬಿಟ್ಟರು. ನಾನು ಯಾರಿಗೂ ತಲೆಬಾಗಿರಲಿಲ್ಲ. ತಣ್ಣಗೂ ಆಗಿಲ್ಲ. ಮದುವೆಮನೆಯಲ್ಲಿ ಜಗಳ ಬೇಡವೆಂದು ಎದ್ದು ಒಳಗೆ ಹೋದೆ. ಆ ಜಗಳವನ್ನು ಇಲ್ಲಿ ಆಡುತ್ತಿದ್ದೇನೆ.

ನನ್ನ ಕೆಲಸವೆಲ್ಲ ತೋಳಿನದು. ಹೊಟ್ಟೆಯಲ್ಲಿ ಅಡ್ಡ ಸಿಕ್ಕಿಕೊಂಡ ಕರುವನ್ನು ಹೆಗಲವರೆಗೆ ಕೈ ಹಾಕಿ ತಿರುಗಿಸಿ ಎಳೆಯುವ ತೋಳು. ಚಿಕ್ಕವಳಿದ್ದಾಗ ಅಂಜನಾಪುರದ ಕಾಲುವೆಯಲ್ಲಿ ಈಜು ಕಲಿತ ತೋಳೂ ಅದೇ. ಜೋಯಿಡಾ ಕಡೆ ಕೆಲಸದಲ್ಲಿದ್ದ ವರ್ಷಗಳಲ್ಲಿ ಕಾಳಿ ನದಿಯಲ್ಲಿ ಕಯಾಕ್ ಕಲಿತೆ. ಒಬ್ಬರೇ ಕೂರುವ ಪ್ಲಾಸ್ಟಿಕ್ ದೋಣಿ. ಸೊಂಟಕ್ಕೊಂದು ರಬ್ಬರಿನ ಹೊದಿಕೆ ಬಿಗಿದು ದೋಣಿಯ ಬಾಯಿ ಮುಚ್ಚಿಕೊಂಡು, ಎರಡು ಕಡೆ ಅಲಗಿರುವ ಹುಟ್ಟು ಹಾಕುತ್ತ ಬಂಡೆಗಳ ನಡುವೆ ಇಳಿಯಬೇಕು. ಮಗುಚಿದರೆ ತಲೆಕೆಳಗಾಗಿ ನೀರೊಳಗೆ ಕೂತಂತೆಯೇ ಹುಟ್ಟಿನಿಂದ ನೀರನ್ನು ಒತ್ತಿ, ಸೊಂಟ ತಿರುವಿ ಮೇಲೇಳಬೇಕು. ಅದು ಬಂದವರಿಗೆ ಅರ್ಧ ವಿದ್ಯೆ ಬಂದ ಹಾಗೆ. ನನಗೆ ಬಂದಿತ್ತು.

ಆದರೂ ಸೊರಬಕ್ಕೆ ವರ್ಗವಾಗಿ ಬರುವ ಹಿಂದಿನ ವರ್ಷ ಕಾಳಿಯಲ್ಲಿ ಒಂದು ಬಂಡೆಯ ಅಡಿ ನನ್ನ ದೋಣಿ ತಲೆಕೆಳಗಾಗಿ ಸಿಕ್ಕಿಕೊಂಡಿತು. ಜೊತೆಗಿದ್ದವರು ಹಗ್ಗ ಹಾಕಿ ಎಳೆದರು. ಎಷ್ಟು ಹೊತ್ತು ಒಳಗಿದ್ದೆ ಎಂದು ಅವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನಾನಿದ್ದ ಕಡೆ ಹೊತ್ತೆಂಬುದೇ ಇರಲಿಲ್ಲ. ಅದಾದ ಮೇಲೆ ನಾನು ಮುಖ ತೊಳೆಯುವುದನ್ನು ಬಿಟ್ಟೆ. ಒದ್ದೆ ಬಟ್ಟೆಯಲ್ಲಿ ಒರೆಸಿಕೊಳ್ಳುತ್ತಿದ್ದೆ. ತಲೆಗೆ ನೀರು ಹಾಕಿಕೊಳ್ಳಬೇಕಾದರೆ ಕತ್ತನ್ನು ಹಿಂದಕ್ಕೆ ಚೆಲ್ಲಿ, ಒಂದು ಹನಿಯೂ ಮೂಗಿನ ಕಡೆ ಬಾರದ ಹಾಗೆ ಚೊಂಬು ಬಗ್ಗಿಸುತ್ತಿದ್ದೆ. ಬಚ್ಚಲಲ್ಲಿ ಇಷ್ಟೆಲ್ಲ ನಾಟಕ ಮಾಡುವ ಹೆಂಗಸು ಹೊರಗೆ ಬಂದು ಹೋರಿಗೆ ಮೂಗುದಾರ ಹಾಕುತ್ತಿದ್ದಳು.

ಸೇತುವೆಯ ಮೇಲೆ ಒಮ್ಮೆ ಜಾರಿಬಿದ್ದ ಎತ್ತನ್ನು ಬೇಗ ಮತ್ತೆ ಅದೇ ಸೇತುವೆ ದಾಟಿಸದಿದ್ದರೆ ಅದು ಇನ್ಯಾವತ್ತೂ ದಾಟುವುದಿಲ್ಲ. ನಾನು ರೈತರಿಗೆ ಇದನ್ನು ಹೇಳುತ್ತಲೇ ಬಂದವಳು. ಒಂದು ಮಳೆಗಾಲ ಆಗಲೇ ಹೋಗಿತ್ತು. ಈ ಮಳೆಗಾಲವೂ ಇಳಿಯದಿದ್ದರೆ ಇನ್ನು ಇಳಿಯುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಆಗ ನನಗೆ ನಲವತ್ತಾರೋ ನಲವತ್ತೇಳೋ. ದೋಣಿ ಆಸ್ಪತ್ರೆಯ ಹಿಂದಿನ ಶೆಡ್ಡಿನಲ್ಲಿ ಬಿದ್ದಿತ್ತು. ಅದರೊಳಗೆ ಒಂದು ಕೋಳಿ ಕಾವು ಕೂತಿತ್ತು.

ಕೆರಿಯಪ್ಪನ ಎಮ್ಮೆ ಈಯಲಾರದೆ ಒದ್ದಾಡುತ್ತಿದೆ ಎಂದು ಕರೆ ಬಂದದ್ದು ಮಿಥುನದ ಮಳೆ ಹಿಡಿದ ಹೊತ್ತಿನಲ್ಲಿ. ಚಂದ್ರಗುತ್ತಿ ಗುಡ್ಡದ ಹಿಂಬದಿಯಲ್ಲಿ, ದೇವಸ್ಥಾನಕ್ಕೆ ಹೋಗುವ ಜನ ಯಾರೂ ತಿರುಗಿ ನೋಡದ ಕಡೆ, ಅವನ ಊರು. ಕರು ಹೊರಗೆ ಬಂತು, ಉಸಿರಾಡಿತು. ಕೈ ತೊಳೆಯುತ್ತಿದ್ದಾಗ ಹಿತ್ತಲ ಆಚೆ ಲಾರಿ ಗೇರು ಬದಲಿಸಿದಂಥ ಸದ್ದು ಕೇಳಿತು. ಅಲ್ಲಿ ರಸ್ತೆ ಇರಲಿಲ್ಲ.

"ಅದೆಂತ ಸದ್ದು ಕೆರಿಯಪ್ಪ?"

"ಹಳ್ಳ."

"ಹೆಸರೇನು ಹಳ್ಳಕ್ಕೆ?"

"ಹಳ್ಳಕ್ಕೆಂತ ಹೆಸರು ಡಾಕ್ಟ್ರಮ್ಮಾ. ವರ್ಷಕ್ಕೆ ಹತ್ತು ದಿನ ಬಾಯಿ ಮಾಡ್ತದೆ, ಆಮೇಲೆ ಸತ್ತಂಗೆ ಬಿದ್ದಿರ್ತದೆ. ನಮ್ಮನೆಯೋಳ ಸಿಟ್ಟಿನಂಗೆ."

"ಹತ್ತೇ ದಿನಾನಾ?" ಎಂದಳು ಒಳಗಿನಿಂದ ಅವನ ಹೆಂಡತಿ ಹಾಲಮ್ಮ. "ಉಳಿದ ದಿನ ಇವ್ರ ಕಿವಿ ಕೇಳ್ಸಲ್ಲ, ಅಷ್ಟೇ."

ಹೋಗಿ ನೋಡಿದೆ. ಅಗಲ ಒಂದು ಎತ್ತಿನಗಾಡಿ ತಿರುಗಿಸುವಷ್ಟು. ಗುಡ್ಡದ ನೆತ್ತಿಗೆ ಬಿದ್ದ ಮಳೆಯೆಲ್ಲ ಈ ಒಂದು ಸೀಳಿನಲ್ಲಿ ಇಳಿಯುತ್ತಿತ್ತು, ಕೆಂಪಗೆ, ಎಲೆ ತರಗು ಹೊತ್ತುಕೊಂಡು. ಮಳೆ ನಿಂತು ಒಂದು ಚಹಾ ಕುಡಿದು ಬರುವಷ್ಟರಲ್ಲಿ ಅದು ಇಳಿದುಹೋಗಿತ್ತು. ಬಂಡೆಗಳು ಹಲ್ಲು ಬಿಟ್ಟುಕೊಂಡು ನಿಂತಿದ್ದವು. ಇಂಥ ನೀರನ್ನು ನಾನು ಮೊದಲು ಕಂಡಿರಲಿಲ್ಲ. ಕಾಳಿಯ ನೀರನ್ನು ಅಣೆಕಟ್ಟೆಯವರು ಬಿಡುತ್ತಾರೆ, ಹೊತ್ತು ಹೇಳುತ್ತಾರೆ. ಇದನ್ನು ಬಿಡುವವರು ಯಾರೂ ಇರಲಿಲ್ಲ. ಬಂದಾಗ ಬಂತು. ಆಗ ನೀವು ಅಲ್ಲಿದ್ದರೆ ಉಂಟು.

ಅವತ್ತೇ ತೀರ್ಮಾನಿಸಿದೆ ಎಂದು ನಾನು ಕೆಲವರಿಗೆ ಹೇಳಿದ್ದೇನೆ. ಅದು ಸುಳ್ಳಿರಬೇಕು. ಎಮ್ಮೆಗೆ ಇಂಜೆಕ್ಷನ್ನಿನ ನೆಪ ಮಾಡಿಕೊಂಡು ಮತ್ತೆ ಮತ್ತೆ ಆ ಊರಿಗೆ ಹೋದದ್ದು ನೆನಪಿದೆ. ಎಮ್ಮೆ ಚೆನ್ನಾಗೇ ಇತ್ತು.

ಮಳೆ ಬಿಡುವು ಕೊಟ್ಟ ದಿನಗಳಲ್ಲಿ ಗಂಬೂಟು ಹಾಕಿಕೊಂಡು ಹಳ್ಳವನ್ನು ಕೆಳಗಿನಿಂದ ಮೇಲಕ್ಕೆ ನಡೆದೆ. ಮೇಲಿನಿಂದ ಇಳಿಯುವ ಕ್ರಮದಲ್ಲಿ ಹೇಳುವುದಾದರೆ, ಮೊದಲು ಬಂಡೆಯ ಮೂರು ಮೆಟ್ಟಿಲು. ಆಮೇಲೆ ಊರವರು ಒರಳು ಎನ್ನುವ ಗುಂಡಿ. ಅಲ್ಲಿ ಬಿದ್ದ ನೀರು ಮುಂದೆ ಹೋಗದೆ ಹಿಂದಕ್ಕೇ ಮಗುಚುತ್ತದೆ, ಬಿದ್ದದ್ದನ್ನು ಅರೆಯುತ್ತದೆ. ಒರಳಿನಾಚೆ ಒಂದು ತಿರುವು. ತಿರುವು ದಾಟಿದರೆ ಕೆರಿಯಪ್ಪನ ಕಟ್ಟು. ಅದರಾಚೆ ಗದ್ದೆಬಯಲು, ನೀರು ಹರಡಿಕೊಂಡು ಸುಮ್ಮನಾಗುವ ಜಾಗ.

ಕಟ್ಟು ಎಂದರೆ ಹಳ್ಳದ ಎರಡು ದಡದಲ್ಲಿ ಎರಡು ಗೂಟ, ನಡುವೆ ಅಡ್ಡಲಾಗಿ ನಿಲ್ಲಿಸಿದ ಬಿದಿರಿನ ತಟ್ಟಿ, ತಟ್ಟಿಯ ನಡುವಿನ ಕಂಡಿಯಲ್ಲಿ ಬಾಯಿ ಅಗಲವಾದ ಬಿದಿರಿನ ಬುಟ್ಟಿ. ಬುಟ್ಟಿಗೆ ಕೂಣಿ ಎನ್ನುತ್ತಾರೆ. ಹೊಸ ನೀರಿಗೆ ಮೀನು ಹತ್ತಿ ಬರುತ್ತವೆ, ಕೂಣಿಗೆ ನುಗ್ಗಿದರೆ ಹೊರಗೆ ಬರಲಾರವು. ಆ ಹಳ್ಳದಲ್ಲಿ ಯಾವ ಮನೆಯವರು ಎಲ್ಲಿ ಕೂಣಿ ಒಡ್ಡಬೇಕೆಂಬುದು ಅಜ್ಜಂದಿರ ಕಾಲದಲ್ಲೇ ತೀರ್ಮಾನವಾಗಿತ್ತು. ತಿರುವಿನ ಜಾಗ ಕೆರಿಯಪ್ಪನ ಮನೆಯದು.

ದೋಣಿಯವರ ಕಣ್ಣಿಗೆ ಅದು ಬೇರೆ ವಸ್ತು. ತಟ್ಟಿಯ ಸಂದಿಯಿಂದ ನೀರು ಹೋಗುತ್ತದೆ, ಮೈ ಹೋಗುವುದಿಲ್ಲ. ರಭಸದ ನೀರು ಮೈಯನ್ನು ಅಲ್ಲೇ ಒತ್ತಿ ಹಿಡಿದುಕೊಳ್ಳುತ್ತದೆ, ಜರಡಿಯಲ್ಲಿ ನುಚ್ಚು ಉಳಿದ ಹಾಗೆ. ಕಟ್ಟು ಇರುವವರೆಗೆ ಆ ಹಳ್ಳಕ್ಕೆ ನಾನು ಇಳಿಯುವ ಹಾಗಿರಲಿಲ್ಲ.

ಕೇಳಿದೆ. ಅವನು ಹೊಸ ತಟ್ಟಿಗೆ ಬಿದಿರು ಸೀಳುತ್ತಿದ್ದ. ಹೆಬ್ಬೆರಳು ಊದಿದ್ದು ಆಗಲೇ.

"ಕಟ್ಟು ತೆಗೀಬೇಕಾ? ಎಂತಕೆ?"

"ನಾನು ದೋಣಿಲಿ ಇಳಿಯೋಕೆ."

"ಈ ಹಳ್ಳದಾಗೆ?"

"ಹೂಂ."

"ನೀವು?"

"ನಾನೇ."

ಕತ್ತಿ ಕೆಳಗಿಟ್ಟ. "ಹಾಲೀ, ಬಾ ಇಲ್ಲಿ. ಡಾಕ್ಟ್ರಮ್ಮಂಗೆ ಮಳ್ಳು ಹಿಡಿದದೆ." ಆಮೇಲೆ ನನ್ನ ಕಡೆ ತಿರುಗಿ, "ಅಲ್ದನ್ರೀ, ಮೀನು ಹತ್ತಿ ಬರೋ ದಾರಿ ಅದು. ಮೇಲಿಂದ ಮನುಷ್ಯ ಇಳಿಯೋ ದಾರಿ ಅಲ್ಲ. ನಮ್ಮಜ್ಜ ಹಾಕಿದ ಕಟ್ಟನ್ನ ನಡು ಮಳೆಗಾಲದಾಗೆ ಕಿತ್ತರೆ ಊರೋರು ಎಂತ ಹೇಳ್ತಾರೆ? ಕೆರಿಯಪ್ಪ ಮನೆ ಬಿಟ್ಟು ಹೊಂಟ ಅಂತಾರೆ."

ಹಾಲಮ್ಮ ಬಾಗಿಲಲ್ಲಿ ನಿಂತು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ಹೆದರಿಕೆ ಆಗಲ್ವಾ ಅಮ್ಮಾ?"

"ಆಗ್ತದೆ. ಅದಕ್ಕೇ."

ಅವಳಿಗೆ ಅದು ಅರ್ಥವಾಯಿತು. ಯಾಕೆ ಅರ್ಥವಾಯಿತೆಂದು ನಾನು ಕೇಳಲಿಲ್ಲ, ಈಗ ಊಹಿಸುವುದೂ ಇಲ್ಲ. "ಮೀನು ಹತ್ತಿ ಮುಗಿಲಿ, ಆಮೇಲೆ ತೆಗೀರಿ. ಡಾಕ್ಟ್ರಮ್ಮ ಇಲ್ದಿದ್ರೆ ಎಮ್ಮೆ ಇರ್ತಿತ್ತಾ?" ಎಂದಳು ಗಂಡನಿಗೆ. ಕೆರಿಯಪ್ಪ ಕತ್ತಿ ಎತ್ತಿಕೊಂಡು ಬಿದಿರಿನ ಮೇಲೆ ಸಿಟ್ಟು ತೀರಿಸಿಕೊಂಡ. ಒಪ್ಪಿಗೆ ಆದದ್ದು ಹಾಗೆ.

ಸುದ್ದಿ ಶಿಕಾರಿಪುರಕ್ಕೆ ಯಾವ ದಾರಿಯಲ್ಲಿ ಹೋಯಿತೋ, ಅಣ್ಣ ಮಳೆಯಲ್ಲೇ ಕಾರು ಹಾಕಿಕೊಂಡು ಬಂದ. ಆಸ್ಪತ್ರೆಯ ಬೆಂಚಿನ ಮೇಲೆ, ಕುರಿಗಳನ್ನು ಹಿಡಿದುಕೊಂಡು ಕೂತಿದ್ದ ಜನರ ನಡುವೆ ಕೂತ.

"ಏನವ್ವಾ, ಈ ವಯಸ್ಸಿಗೆ ಹಳ್ಳಕ್ಕೆ ಬೀಳ್ತೀಯಂತೆ?"

"ಬೀಳಲ್ಲ. ಇಳೀತೀನಿ."

"ಎರಡೂ ಕೆಳಗೇ ಹೋಗೋದು. ಕಾಳ್ಯಾಗೆ ಒಂದ್ಸಲ ಕಲ್ತಿದ್ದು ಸಾಲ್ದೇನು?"

"ಏನು ಕಲ್ತೆ ಅಲ್ಲಿ?"

"ಬುದ್ಧಿ."

"ಬಂಡೆ ಅಡೀಲಿ ಬುದ್ಧಿ ಇರಲ್ಲ ಅಣ್ಣ. ಕತ್ತಲೆ ಇರ್ತದೆ."

ಕುರಿಯವನೊಬ್ಬ ನಕ್ಕ. ಅಣ್ಣನಿಗೆ ಸಿಟ್ಟು ಬಂತು. "ಅವ್ವನ ಊರು ಈಸೂರು ಅಂತ ಎಲ್ಲದಕ್ಕೂ ತಿರುಗಿ ನಿಲ್ಲೋದಾ? ಅವ್ರು ಬ್ರಿಟಿಷರ ಎದುರು ನಿಂತ್ರು. ನಿನ್ ಎದುರಿಗೆ ಯಾರದಾರೆ?"

ನಮ್ಮ ಮನೆಯಲ್ಲಿ ನನ್ನ ಹಟಕ್ಕೆ ಕೊಡುತ್ತಿದ್ದ ವಿವರಣೆ ಅದೊಂದೇ: ಈಸೂರಿನ ರಕ್ತ. ಅಣ್ಣನೂ ಅದೇ ತಾಯಿಯ ಮಗ, ಅವನು ಮಾತ್ರ ಛತ್ರಿಯಿಲ್ಲದೆ ಗೇಟು ದಾಟುವವನಲ್ಲ. ರಕ್ತದ ಮಾತನ್ನು ನಾನು ನಂಬುವುದಿಲ್ಲ. ಆದರೆ ಅವನ ಪ್ರಶ್ನೆ ಸರಿಯಾಗಿತ್ತು. ಎದುರಿಗೆ ಯಾರಿದ್ದರು? ಬಚ್ಚಲಿನ ಚೊಂಬು ಇತ್ತು. ಅದನ್ನು ಕುರಿಗಳ ಎದುರು ಹೇಳಲಾಗಲಿಲ್ಲ.

ಪುನರ್ವಸು ಮಳೆಯಲ್ಲಿ ಕೆರಿಯಪ್ಪ ಕೂಣಿ ಎತ್ತಿದ, ತಟ್ಟಿ ಕಿತ್ತ. ಗೂಟಗಳು ಉಳಿದವು. ನೀರು ಸಾಕೋ ಇಲ್ಲವೋ ಎಂಬುದಕ್ಕೆ ಗುರುತು ಗದ್ದೆ ಬದಿಯ ಒಂದು ಬಂಡೆ, ಕೋಣ ಮಲಗಿದ ಹಾಗಿತ್ತು. ಕೋಣನ ಬೆನ್ನು ಮುಳುಗಿದರೆ ನೀರು ಸಾಕು. ಅದು ಮುಳುಗಿದ ಮೊದಲ ದಿನ ಮಧ್ಯಾಹ್ನ ಜೀಪಿನ ಮೇಲೆ ದೋಣಿ ಕಟ್ಟಿಕೊಂಡು ಹೋದೆ. ನಾಟಿ ಮಾಡುತ್ತಿದ್ದ ಹೆಂಗಸರು ಪ್ಲಾಸ್ಟಿಕ್ ಕೊಪ್ಪೆಯೊಳಗಿಂದ ಮುಖ ಹೊರಹಾಕಿ ನೋಡಿದರು. ಮೇಲೆ ಹತ್ತಿ, ಹೆಲ್ಮೆಟ್ ಹಾಕಿ, ದೋಣಿಯಲ್ಲಿ ಕೂತು, ರಬ್ಬರಿನ ಹೊದಿಕೆಯನ್ನು ಅಂಚಿಗೆ ಬಿಗಿಯಲು ಬಗ್ಗಿದೆ. ಒಂದು ಹನಿ ಮೂಗಿನ ಮೇಲೆ ಬಿತ್ತು. ಕೈ ನಿಂತಿತು.

ಎಷ್ಟು ಹೊತ್ತು ಹಾಗೆ ಕೂತಿದ್ದೆನೋ. ಕೆರಿಯಪ್ಪ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ಕೋಣನ ಬೆನ್ನು ಮತ್ತೆ ಎದ್ದಿತ್ತು. "ನೀರು ಹೋತು," ಎಂದ. ದೋಣಿ ಹೊತ್ತು ಇಳಿದೆವು. ಗದ್ದೆಯಿಂದ ಯಾರೋ ಕೂಗಿದರು: "ಡಾಕ್ಟ್ರಮ್ಮಾ, ಲಂಗ ಒದ್ದೆ ಆಗ್ಲೇ ಇಲ್ವಲ್ಲ!" ನನ್ನ ರಬ್ಬರಿನ ಹೊದಿಕೆಗೆ ಅವರು ಆಗಲೇ ಲಂಗ ಎಂದು ಹೆಸರಿಟ್ಟಾಗಿತ್ತು. ಬಯಲಿಗೆ ಬಯಲೇ ನಕ್ಕಿತು. ನನಗೂ ನಗು ಬಂತೆಂದು ಹೇಳಿದರೆ ದೊಡ್ಡವಳಾಗುತ್ತೇನೆ. ಬರಲಿಲ್ಲ. ಜೀಪಿನಲ್ಲಿ ಕೂತು ಬೈದೆ, ಅವರನ್ನು, ಹಳ್ಳವನ್ನು, ನನ್ನನ್ನು, ಸಿಕ್ಕವರನ್ನೆಲ್ಲ.

ಅದಾದ ಮೇಲಿನ ದಿನಗಳಲ್ಲಿ ಮಾಡಿದ್ದು ಎರಡು ಕೆಲಸ. ಒಂದು, ಬಚ್ಚಲಲ್ಲಿ ಬಕೆಟ್ ತುಂಬಿ ಮುಖ ಅದ್ದುವುದು. ಮೊದಲು ಗಲ್ಲ, ಆಮೇಲೆ ತುಟಿ, ಆಮೇಲೆ ಮೂಗು. ಇನ್ನೊಂದು, ಕೆರಿಯಪ್ಪನಿಗೆ ಹಗ್ಗ ಎಸೆಯಲು ಕಲಿಸುವುದು. ಜೋಯಿಡಾದ ಗೆಳೆಯರು ಬರುವಷ್ಟರಲ್ಲಿ ಈ ಹಳ್ಳ ಬತ್ತಿರುತ್ತಿತ್ತು. ಒರಳಿನ ಪಕ್ಕ ಹಗ್ಗ ಹಿಡಿದು ನಿಲ್ಲಲು ಇದ್ದವನು ಅವನೊಬ್ಬನೇ. ಹಗ್ಗ ಒಂದು ಚೀಲದೊಳಗಿರುತ್ತದೆ. ತುದಿ ಕೈಯಲ್ಲಿ ಹಿಡಿದು ಚೀಲ ಎಸೆಯಬೇಕು. ಮೊದಲ ಸಲ ಅವನು ಚೀಲವನ್ನೂ ತುದಿಯನ್ನೂ ಒಟ್ಟಿಗೆ ಎಸೆದ. ಎರಡೂ ತೇಲಿ ಗದ್ದೆಬಯಲು ಸೇರಿದವು, ಹೋಗಿ ಹೆಕ್ಕಿಕೊಂಡು ಬಂದೆವು.

"ತುದಿ ಹಿಡ್ಕೋಬೇಕು ಕೆರಿಯಪ್ಪ!"

"ಮೊದ್ಲೇ ಹೇಳಾದಲ್ವಾ!"

"ಹಿಡೀದಿದ್ರೆ ಹಗ್ಗ ಎಂತಕ್ಕೆ?"

"ನೀವು ಎಸಿ ಅಂದ್ರಿ, ಎಸೆದೆ. ಹಿಡಿ ಅಂದ್ರೆ ಹಿಡೀತಿದ್ದೆ."

ಅವನು ಹೇಳಿದ್ದರಲ್ಲಿ ಅಂದು ನನಗೆ ಬರೀ ತಮಾಷೆ ಕಂಡಿತು. ಹೇಳಿದ್ದನ್ನು ಮಾಡುವವನು, ಹೇಳದ್ದನ್ನು ತನ್ನ ಮನೆಯ ರೂಢಿಯಂತೆ ಮಾಡುವವನು ಎಂದು ಹೊಳೆದಿದ್ದರೆ ಮುಂದಿನದು ಬೇರೆಯಾಗುತ್ತಿತ್ತು.

ಆ ದಿನ ಪುಷ್ಯದ್ದೋ ಆಶ್ಲೇಷದ್ದೋ. ಕೆರಿಯಪ್ಪ ಆಶ್ಲೇಷ ಎನ್ನುತ್ತಾನೆ, ನಾನು ಪುಷ್ಯ ಎನ್ನುತ್ತೇನೆ, ಇಬ್ಬರೂ ಬಿಟ್ಟುಕೊಡುವುದಿಲ್ಲ. ಬೆಳಗಿನಿಂದ ಗುಡ್ಡ ಕಾಣುತ್ತಿರಲಿಲ್ಲ. ಊಟದ ಹೊತ್ತಿಗೆ ಕೋಣನ ಬೆನ್ನು ಮುಳುಗಿತು. ನಾನು ಕೆಳಗಿನಿಂದ ಮೇಲಿನವರೆಗೆ ದಡದಲ್ಲೇ ನಡೆದು ನೋಡಿದೆ. ಮರ ಬಿದ್ದಿಲ್ಲ, ಮುಳ್ಳುಕಂಟಿ ಸಿಕ್ಕಿಲ್ಲ, ಕಟ್ಟಿನ ಜಾಗದಲ್ಲಿ ಎರಡು ಗೂಟಗಳ ನಡುವೆ ನೀರು ಬಿಡುಬೀಸಾಗಿ ಹೋಗುತ್ತಿದೆ. ಕೆರಿಯಪ್ಪನನ್ನು ಒರಳಿನ ಪಕ್ಕ ನಿಲ್ಲಿಸಿ, ತುದಿಯನ್ನು ಅವನ ಮುಷ್ಟಿಗೆ ಕೊಟ್ಟು, ಮೇಲೆ ಹತ್ತಿದೆ.

ಕೂತೆ. ಹೊದಿಕೆ ಬಿಗಿದೆ. ಮೂಗಿನ ಮೇಲೆ ಮಳೆ ಬೀಳುತ್ತಲೇ ಇತ್ತು. ಧೈರ್ಯ ಬರಲೆಂದು ಕಾದಿದ್ದರೆ ಇವತ್ತೂ ಅಲ್ಲೇ ಕೂತಿರುತ್ತಿದ್ದೆ. ಹೆದರಿಕೆ ಹಾಗೇ ಇತ್ತು. ಅದನ್ನೂ ಕೂರಿಸಿಕೊಂಡೇ ದಡ ಬಿಟ್ಟೆ.

ಮೂರು ಮೆಟ್ಟಿಲು ಕಾಲಡಿಯಿಂದ ಜಾರಿಹೋದವು. ಅವುಗಳ ಬಗ್ಗೆ ನೆನಪಿರುವುದು ಹಲ್ಲು ಕಟಕಟ ಎಂದದ್ದು. ಒರಳಿನಲ್ಲಿ ನೀರು ದೋಣಿಯ ಹಿಂಬದಿಯನ್ನು ಹಿಡಿದುಕೊಂಡಿತು. ಮುಂಬದಿ ಆಕಾಶಕ್ಕೆದ್ದಿತು. ಹುಟ್ಟನ್ನು ಆಳಕ್ಕೆ ನಾಟಿ, ಅಡ್ಡ ಸಿಕ್ಕ ಕರುವನ್ನು ಎಳೆದ ಹಾಗೆ ಎಳೆದೆ. ಇನ್ನೊಮ್ಮೆ ಎಳೆದೆ. ಹೊರಗೆ ಬಿದ್ದೆ. ಕೆರಿಯಪ್ಪನ ಬಾಯಿ ತೆರೆದಿತ್ತು, ಸದ್ದು ಕೇಳಲಿಲ್ಲ. ಕುಣಿಯುತ್ತಿದ್ದಾನೆ ಎಂದುಕೊಂಡೆ.

ತಿರುವು ತಿರುಗಿದರೆ ಎದುರಿಗೆ ಮಾವಿನೆಲೆಯ ತೋರಣ.

ಒಂದು ಗೂಟದಿಂದ ಇನ್ನೊಂದು ಗೂಟಕ್ಕೆ, ಹಳ್ಳದ ಅಡ್ಡ, ಹೋರಿ ಕಟ್ಟುವ ನೀಲಿ ನೈಲಾನ್ ಹಗ್ಗಕ್ಕೆ ಮಾವಿನೆಲೆ ಸಿಕ್ಕಿಸಿ, ನಡುನಡುವೆ ಚೆಂಡುಹೂ ಕಟ್ಟಿ. ದಡದಲ್ಲಿ ಹಾಲಮ್ಮ, ನಾಟಿಯ ಹೆಂಗಸರು, ಒಬ್ಬಳ ಕೈಯಲ್ಲಿ ಆರತಿ ತಟ್ಟೆ, ತಟ್ಟೆಯ ಮೇಲೆ ಛತ್ರಿ. ನಾನು ಮೇಲೆ ಹತ್ತುತ್ತಿದ್ದಾಗ, ಆಚೆ ದಡದ ನಾಟಿಯವರಿಗೆ ತುದಿ ಎಸೆದು ಕಟ್ಟಿದ್ದು, ಆಗ ಅದು ನೀರಿನಿಂದ ಆಳೆತ್ತರದಲ್ಲಿತ್ತಂತೆ. ಆಮೇಲೆ ನೀರು ಏರಿತ್ತು. ಈಗ ನಡುವೆ ಜೋಲುಬಿದ್ದು ನನ್ನ ಎದೆಗೂ ಕುತ್ತಿಗೆಗೂ ನಡುವಿನ ಎತ್ತರಕ್ಕೆ ಬಂದಿತ್ತು.

ನೈಲಾನ್ ಹಗ್ಗ ಏನು ಮಾಡುತ್ತದೆಂದು ನನಗೆ ಗೊತ್ತು. ಹೋರಿಗಳ ಕುತ್ತಿಗೆಯ ಗಾಯಕ್ಕೆ ಹೊಲಿಗೆ ಹಾಕಿದವಳು ನಾನು. ಮುಂದಕ್ಕೆ ಬಾಗಿದರೆ ಅದು ಹೆಲ್ಮೆಟ್ಟಿಗೆ ಸಿಕ್ಕುತ್ತದೆ. ಹಿಂದಕ್ಕೆ ಮಲಗಿದರೆ ಗಂಟಲಿಗೆ. ದಡ ಹಿಡಿಯುವಷ್ಟು ಅಂತರ ಉಳಿದಿರಲಿಲ್ಲ. ಉಳಿದದ್ದು ಒಂದೇ ದಾರಿ, ಮತ್ತು ಅದು ನಾನು ಒಂದು ವರ್ಷದಿಂದ ಚೊಂಬಿನ ನೀರಲ್ಲೂ ತಪ್ಪಿಸಿಕೊಂಡು ಬಂದ ದಾರಿ.

ನಾನಾಗಿಯೇ ಮಗುಚಿಕೊಂಡೆ.

ತಲೆ ಕೆಳಗಾಯಿತು. ಮೂಗು, ಬಾಯಿ, ಕಿವಿ, ಎಲ್ಲ ಕಡೆ ಕೆಸರುನೀರು. ಹೆಲ್ಮೆಟ್ ತಳದ ಕಲ್ಲಿಗೆ ಬಡಿಯಿತು. ಮೇಲೆ ದೋಣಿಯ ಹೊಟ್ಟೆಯ ಮೇಲೆ ಹಗ್ಗ ಉಜ್ಜಿಕೊಂಡು ಹೋದದ್ದು ತೊಡೆಗೆ ಗೊತ್ತಾಯಿತು. ಏಳಲು ಹೋದೆ, ಹುಟ್ಟು ಕಲ್ಲಿಗೆ ತಾಗಿ ಜಾರಿತು, ಏಳಲಿಲ್ಲ. ಆಗ ಏನು ಅನ್ನಿಸಿತು ಎಂದು ಎಲ್ಲರೂ ಕೇಳುತ್ತಾರೆ. ದೇವರು ಬರಲಿಲ್ಲ, ಅವ್ವ ಬರಲಿಲ್ಲ, ಕಾಳಿಯ ಬಂಡೆಯೂ ಬರಲಿಲ್ಲ. ಆ ಕಡೆ ಆಗದಿದ್ದರೆ ಈ ಕಡೆ ಎಂದು ಕೈ ತಾನೇ ಹುಟ್ಟನ್ನು ಬದಲಿಸಿತು. ಎದ್ದೆ.

ಗದ್ದೆಬಯಲಿನ ಸುಮ್ಮನಿದ್ದ ನೀರು. ಹೆಲ್ಮೆಟ್ಟಿನ ಮೇಲೊಂದು ಚೆಂಡುಹೂ. ದಡದ ತುಂಬ ಚಪ್ಪಾಳೆ, ಕೇಕೆ.

"ನೋಡ್ರೇ, ನೋಡ್ರೇ," ಎಂದು ಹಾಲಮ್ಮ ಅಳುತ್ತ ನಗುತ್ತಿದ್ದಳು. "ತೋರಣಕ್ಕೆ ಹೆಂಗೆ ತಲೆಬಾಗಿದ್ರು! ದೋಣಿ ಸಮೇತ ಅಡ್ಡಬಿದ್ರು!"

ನಾನು ಕೆಮ್ಮುತ್ತಿದ್ದೆ. ಇಲ್ಲ ಎನ್ನಲು ಉಸಿರಿರಲಿಲ್ಲ. ಅಷ್ಟರಲ್ಲಿ ಕತೆ ಬಯಲು ದಾಟಿತ್ತು. ಸಂಜೆಗೆ ಚಂದ್ರಗುತ್ತಿ, ಮರುದಿನ ಸೊರಬ, ವಾರದಲ್ಲಿ ಅಣ್ಣನ ಮನೆ. ಅಲ್ಲಿಗೆ ಮುಟ್ಟುವಷ್ಟರಲ್ಲಿ ತೋರಣ ಹೋಗಿ ತಾಯಿ ಬಂದಿದ್ದಳು.

ಕೆರಿಯಪ್ಪ ಓಡಿಬಂದ. ಅವನು ಕುಣಿಯುತ್ತಿರಲಿಲ್ಲ, ಒರಳಿನ ಮೇಲಿನ ಬಂಡೆ ಹತ್ತಿದಾಗ ತೋರಣ ಕಂಡು ಕೂಗುತ್ತಿದ್ದ. ಮುಖ ಬೂದಿಯಾಗಿತ್ತು.

"ಯಾರು ಕಟ್ಟಿದ್ದು ಇದು?" ಎಂದೆ.

"ನಾವೇ," ಎಂದಳು ಹಾಲಮ್ಮ. "ಕಟ್ಟು ಕಿತ್ತ ಜಾಗ ಬರಿದು ಬಿಡಬಾರ್ದಲ್ಲಾ. ಪ್ರತಿ ವರ್ಷ ಮಳೆಗಾಲ ಮುಗಿದಾಗ ಕಟ್ತೀವಿ. ಈ ವರ್ಷ ಬೇಗ ಕಿತ್ವಿ. ಹೆಂಗೂ ನೀವೂ ಇಳೀತಿದ್ರಿ, ಅದಕ್ಕೆ ಹೂವೂ ಹಾಕಿದ್ವಿ."

"ನಂಗೆ ಹೇಳ್ಬಾರ್ದಿತ್ತಾ ಕೆರಿಯಪ್ಪ?"

"ಇವತ್ತೇ ಕಟ್ತಾರಂತ ನಂಗೆಂತ ಗೊತ್ತು? ಕಟ್ಟು ತೆಗೆದ್ರೆ ತೋರಣ ಕಟ್ಟೋದೇ ಅಲ್ವಾ ಡಾಕ್ಟ್ರಮ್ಮಾ? ಅದನ್ನೂ ಹೇಳ್ಬೇಕಾ?" ಅವನು ಹಗ್ಗವನ್ನು ನೋಡಿದ, ನನ್ನ ಕುತ್ತಿಗೆಯನ್ನು ನೋಡಿದ. ಸೊಂಟದ ಕತ್ತಿ ತೆಗೆದು ಹೋಗಿ ಒಂದೇ ಏಟಿಗೆ ಕಡಿದ. ತೋರಣ ನೀರಿಗೆ ಬಿದ್ದು ಹಾವಿನ ಹಾಗೆ ಉದ್ದಕ್ಕೆ ಹೋಯಿತು.

ಹಾಲಮ್ಮನ ಮುಖ ಸಣ್ಣಗಾಯಿತು. ಪ್ರೀತಿಯಿಂದ ಕಟ್ಟಿದ್ದನ್ನು ಕಣ್ಣೆದುರೇ ಕಡಿದರೆ ಯಾರಿಗಾದರೂ ನೋವಾಗುತ್ತದೆ. ಅವಳಿಗೆ ವಿವರಿಸಬಹುದಿತ್ತು. ವಿವರಿಸಿದರೆ ಬದುಕಿಡೀ ಅವಳು ಆ ಹಗ್ಗವನ್ನೇ ನೆನೆಯುತ್ತಿದ್ದಳು. ಅವಳು ಕೊಟ್ಟ ಬಿಸಿ ಕಾಫಿಯನ್ನು ಕುಡಿದೆ. ಆರತಿ ಬೆಳಗಿದರು, ಬೆಳಗಿಸಿಕೊಂಡೆ. ಮಳೆ ಜೋರಾಯಿತು, ಕೊಪ್ಪೆಗಳು ಒಂದೊಂದಾಗಿ ಮನೆಯ ಕಡೆ ಸರಿದವು. ಎಲ್ಲರಿಗೂ ಆ ದಿನ ಮುಗಿದಿತ್ತು.

ಕೋಣನ ಬೆನ್ನು ಇನ್ನೂ ಮುಳುಗಿಯೇ ಇತ್ತು. ನಾನು ದೋಣಿಯ ನೀರು ಬಗ್ಗಿಸಿ ಹೆಗಲಿಗೇರಿಸಿದೆ.

"ಜೀಪು ಈ ಕಡೆ," ಎಂದ ಕೆರಿಯಪ್ಪ.

"ಗೊತ್ತು."

ಅವನು ಜೀಪಿನ ಕಡೆ ಎರಡು ಹೆಜ್ಜೆ ಹಾಕಿದ. ಆಮೇಲೆ ಹಗ್ಗದ ಚೀಲವನ್ನು ಕಂಕುಳಲ್ಲಿ ಇಟ್ಟುಕೊಂಡು, ಬಾಯಲ್ಲಿ ಏನೋ ಬೈಯುತ್ತ, ನನ್ನ ಹಿಂದೆ ಗುಡ್ಡ ಹತ್ತಿದ.

ಆ ಎರಡನೆಯ ಸಲದ ಬಗ್ಗೆ ಹೇಳಲು ನನ್ನ ಬಳಿ ಏನೂ ಇಲ್ಲ. ಮೆಟ್ಟಿಲು ಇತ್ತು, ಒರಳು ಇತ್ತು, ಗೂಟಗಳ ನಡುವೆ ಖಾಲಿ ನೀರಿತ್ತು. ತಿರುವಿನಲ್ಲಿ ಯಾರೂ ನಿಂತಿರಲಿಲ್ಲ. ಮುಖಕ್ಕೆ ಬಡಿಯುತ್ತಿದ್ದದ್ದು ಮಳೆಯೋ ಹಳ್ಳವೋ, ಗಮನಿಸಲಿಲ್ಲ. ಕೆರಿಯಪ್ಪನನ್ನು ಯಾರಾದರೂ ಕೇಳಿದರೆ, "ಎರಡನೇ ಸಲಾನಾ? ನಾನು ನೀರು ನೋಡ್ತಿದ್ದೆ, ಅವ್ರನ್ನ ನೋಡ್ಲಿಲ್ಲ," ಎನ್ನುತ್ತಾನೆ. ಹಾಗಾಗಿ ಅದು ಯಾರ ಕತೆಯಲ್ಲೂ ಇಲ್ಲ. ಅಣ್ಣನಿಗೆ ಹೇಳಿದರೆ ನಂಬುವುದಿಲ್ಲ. ಅದಾದ ಮೇಲಿನ ಎಲ್ಲ ಮಳೆಗಾಲಗಳಲ್ಲೂ ನಾನು ನೀರಿಗೆ ಇಳಿದಿದ್ದೇನೆ ಎಂದರೂ ಅವನು ನಂಬುವುದಿಲ್ಲ. ತಾಯಿಗೆ ತಲೆಬಾಗಿ ತಣ್ಣಗಾದ ತಂಗಿ ಅವನಿಗೆ ಹೆಚ್ಚು ಇಷ್ಟ.

ಮೊದಲನೆಯ ಸಲವನ್ನು ಅವರೇ ಇಟ್ಟುಕೊಳ್ಳಲಿ.